ಗಂಟು ಕಟ್ಟಿದವರು ಯಾರು?

ಕಳೆದ ವಾರ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗ ಎನ್.ಸಿ.ಸಿ.ಯ ಹತ್ತು ದಿನಗಳ ವಾರ್ಷಿಕ ತರಬೇತಿ ಶಿಬಿರಕ್ಕೆ ಹೊರಟು ನಿಂತಿದ್ದ. ಹೊಸ ಚೀಲ, ಹೊಸ ಬೂಟು, ಹೊಸ ಟಾರ್ಚು, ಎಲ್ಲವೂ ಮನೆಬಾಗಿಲಿಗೇ ಬಂದಿದ್ದವು. ಮಗಳು ರಾತ್ರಿ ಹನ್ನೊಂದರವರೆಗೆ ಕುಳಿತು ಚೀಲವನ್ನು ಅಚ್ಚುಕಟ್ಟಾಗಿ ತುಂಬಿದ್ದಳು. ಬೆಳಿಗ್ಗೆ ಸುಮ್ಮನೆ ಕೇಳಿದೆ: "ಟಾರ್ಚು ಎಲ್ಲಿದೆಯಪ್ಪಾ?" "ಅಮ್ಮನಿಗೆ ಗೊತ್ತು ತಾತ" ಎಂದ. ಆ ಒಂದು ಮಾತೇ ಈ ಬರೆಹಕ್ಕೆ ಕಾರಣ.

ನನ್ನ ಬಳಿ ಓದಿದವರಿಗೆ ನೆನಪಿರಬಹುದು. ಸಮಾಜ ವಿಜ್ಞಾನದ ಪಾಠದ ಜೊತೆಗೆ ಶಾಲೆಯ ಎನ್.ಸಿ.ಸಿ. ತುಕಡಿಯ ಹೊಣೆಯೂ ನನ್ನದಾಗಿತ್ತು. 1948ರ ಕಾಯಿದೆಯಿಂದ ರೂಪುಗೊಂಡ ಈ ಸಂಸ್ಥೆಯಲ್ಲಿ ಶಾಲೆಯ ತುಕಡಿಯನ್ನು ನೋಡಿಕೊಳ್ಳುವವರು ಶಿಕ್ಷಕರೇ. ಅದಕ್ಕಾಗಿ ನಾಗಪುರದ ಬಳಿಯ ಕಾಂಪ್ಟಿಯಲ್ಲಿ ತರಬೇತಿ ಪಡೆಯಬೇಕಾಗಿತ್ತು. ಅಲ್ಲಿಗೆ ಹೋದ ಮೊದಲ ವಾರವೇ ಹವಾಲ್ದಾರರೊಬ್ಬರು ನನ್ನ ಚೀಲದಲ್ಲಿದ್ದುದನ್ನೆಲ್ಲ ಕಂಬಳಿಯ ಮೇಲೆ ಹರಡಿಸಿ, ಒಂದೊಂದನ್ನೂ ಬೆರಳಿಟ್ಟು ತೋರಿಸಿ, "ಇದು ಏತಕ್ಕೆ?" ಎಂದು ಹಿಂದಿಯಲ್ಲಿ ಕೇಳಿದರು. ಉತ್ತರ ಸಿಕ್ಕಿದ್ದನ್ನು ಬಲಕ್ಕೂ ಸಿಗದುದನ್ನು ಎಡಕ್ಕೂ ಸರಿಸಿದರು. ಎಡಗಡೆಯ ರಾಶಿಯೇ ದೊಡ್ಡದಾಗಿತ್ತು. ಬಿ.ಎಡ್. ತರಗತಿಯಲ್ಲಿ ನನಗೆ ಯಾರೂ ಹೇಳಿಕೊಡದ ಪಾಠ ಅದು.

ಚೀಲ ಕಟ್ಟುವುದಕ್ಕೂ ಒಂದು ಕ್ರಮವಿದೆ. ಕೊನೆಗೆ ಬೇಕಾಗುವುದು ತಳಕ್ಕೆ, ಮೊದಲು ಬೇಕಾಗುವುದು ಮೇಲಕ್ಕೆ. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಂತಿರಬೇಕು. ದೂರವಾದಷ್ಟೂ ಅದು ನಡೆಯುವವನನ್ನು ಹಿಂದಕ್ಕೆ ಎಳೆಯುತ್ತದೆ. ಬಟ್ಟೆಯನ್ನು ಪ್ಲಾಸ್ಟಿಕ್ ಹೊದಿಕೆಯೊಳಗೆ ಸುತ್ತಿಡಬೇಕು, ಏಕೆಂದರೆ ಮಳೆಯಲ್ಲಿ ಚೀಲ ನೆನೆಯದೆ ಇರದು. ಕಾಲುಚೀಲ ಒಂದು ಜೊತೆ ಹೆಚ್ಚೇ ಇರಲಿ. ಒದ್ದೆಯಾದ ಕಾಲುಚೀಲದಲ್ಲಿ ಐದು ಮೈಲಿ ನಡೆದರೆ ಬೊಬ್ಬೆ ಖಂಡಿತ. ಹೊಸ ಬೂಟನ್ನು ಶಿಬಿರದಲ್ಲಿಯೇ ಮೊದಲ ಬಾರಿ ಧರಿಸುವುದು ಕಾಲಿಗೆ ನಾವೇ ವಿಧಿಸಿಕೊಳ್ಳುವ ಶಿಕ್ಷೆ. ಸೂಜಿ, ದಾರ, ಎರಡು ಗುಂಡಿಗಳಿಗೆ ಬೆಂಕಿಪೆಟ್ಟಿಗೆಯಷ್ಟು ಜಾಗ ಸಾಕು; ಕವಾಯತಿಗೆ ಮುನ್ನ ಅಂಗಿಯ ಗುಂಡಿ ಕಿತ್ತಾಗ ಅವುಗಳ ಬೆಲೆ ತಿಳಿಯುತ್ತದೆ.

ಇತಿಹಾಸದ ಮೇಷ್ಟ್ರಾದ್ದರಿಂದ ರೋಮಿನ ಮಾತು ಹೇಳದೆ ಇರಲಾರೆ. ಕ್ರಿಸ್ತಪೂರ್ವ 107ರಲ್ಲಿ ಕಾನ್ಸಲ್ ಆದ ಮೇರಿಯಸ್ ತನ್ನ ಸೈನಿಕರು ತಮ್ಮ ಸಾಮಾನನ್ನು ತಾವೇ ಹೊರಬೇಕೆಂದು ವಿಧಿಸಿದ. ಜನ ಅವರನ್ನು 'ಮೇರಿಯಸ್‌ನ ಹೇಸರಗತ್ತೆಗಳು' ಎಂದು ಗೇಲಿ ಮಾಡಿದರು. ಅಮೆರಿಕದ ಎಸ್.ಎಲ್.ಎ. ಮಾರ್ಷಲ್ 1950ರಲ್ಲಿ ಸೈನಿಕನ ಹೊರೆಯನ್ನು ಕುರಿತೇ ಒಂದು ಪುಸ್ತಕ ಬರೆದು, ಅತಿಯಾದ ಹೊರೆ ಸೈನಿಕನ ದೇಹವನ್ನಷ್ಟೇ ಅಲ್ಲ, ಧೈರ್ಯವನ್ನೂ ಕುಗ್ಗಿಸುತ್ತದೆ ಎಂದು ವಾದಿಸಿದರು. ಹೊರುವವನಿಗೆ ತನ್ನ ಹೊರೆಯಲ್ಲಿ ಏನಿದೆ, ಏಕಿದೆ ಎಂಬುದು ತಿಳಿದಿರಬೇಕು. ನನ್ನ ವಾದವೂ ಇಷ್ಟೇ.

1980ರ ದಶಕದ ಕೊನೆಯ ಒಂದು ಶಿಬಿರ ನೆನಪಾಗುತ್ತದೆ. ಅನುಕೂಲಸ್ಥರ ಮನೆಯ ಹುಡುಗನೊಬ್ಬ ಇಬ್ಬರು ಎತ್ತಬೇಕಾದ ಟ್ರಂಕಿನೊಂದಿಗೆ ಬಂದ. ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿ, ಆರು ಅಂಗಿಗಳು. ಮೂರನೆಯ ದಿನ ನಡಿಗೆಯ ಹೊತ್ತಿಗೆ ಜೋರು ಮಳೆ ಹಿಡಿಯಿತು. ಹುಡುಗ ತೊಯ್ದು, ಎರಡು ದಿನ ಜ್ವರದಿಂದ ಮಲಗಿದ. ಊರಿಗೆ ಹೊರಡುವ ದಿನ ಟ್ರಂಕನ್ನು ಖಾಲಿ ಮಾಡುವಾಗ ತಳದಲ್ಲಿ ಮಡಿಕೆ ಬಿಚ್ಚದ ರೇನ್‌ಕೋಟು ಸಿಕ್ಕಿತು. ತಾಯಿ ಮರೆಯದೆ ಇಟ್ಟಿದ್ದರು. ಮಗನಿಗೆ ಅದು ಇರುವುದೇ ಗೊತ್ತಿರಲಿಲ್ಲ.

ಈ ಪ್ರಸಂಗವನ್ನು ನಾನು ಬಹಳ ಮಂದಿಗೆ ನಗುನಗುತ್ತಾ ಹೇಳಿದ್ದೇನೆ. ಅದೇ ಶಿಬಿರದ ಇನ್ನೊಂದು ಸಂಗತಿಯನ್ನು ಮಾತ್ರ ಇಷ್ಟು ದಿನ ಹೇಳಿರಲಿಲ್ಲ. ನಮ್ಮ ತುಕಡಿಯಲ್ಲಿ ಕವಾಯತಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗ ಹೆಸರು ಕೊಟ್ಟಿದ್ದೂ ಹೊರಡುವ ದಿನ ಬರಲಿಲ್ಲ. ಅಂಜಿದನೆಂದು ಭಾವಿಸಿ, ಹಿಂದಿರುಗಿದ ಮೇಲೆ ಎಲ್ಲರ ಮುಂದೆ ಅವನನ್ನು ಗದರಿದೆ. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಮತ್ತೊಬ್ಬ ಹುಡುಗನಿಂದ ನಿಜ ತಿಳಿಯಿತು. ನಾನು ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದ್ದ ಪಟ್ಟಿಯಲ್ಲಿ ಇಪ್ಪತ್ತಮೂರು ವಸ್ತುಗಳಿದ್ದವು, ಅವುಗಳಲ್ಲಿ ಎರಡು ಕಂಬಳಿ. ಆ ಮನೆಯಲ್ಲಿ ಇದ್ದದ್ದೇ ಒಂದು ಕಂಬಳಿ. ಅದನ್ನು ಕಾಯಿಲೆಯ ಅಜ್ಜಿ ಹೊದೆಯುತ್ತಿದ್ದರು. ಹುಡುಗ ಪಟ್ಟಿಯನ್ನು ಮನೆಯಲ್ಲಿ ತೋರಿಸಲೇ ಇಲ್ಲವಂತೆ.

ಕಾಂಪ್ಟಿಯಲ್ಲಿ ನನಗೆ ಕೇಳಿದ್ದ ಪ್ರಶ್ನೆಯನ್ನು ನನ್ನ ಪಟ್ಟಿಗೆ ನಾನೇ ಕೇಳಿಕೊಂಡಿರಲಿಲ್ಲ. ಮರುವರ್ಷ ಕುಳಿತು ಒಂದೊಂದನ್ನೂ 'ಇದು ಏತಕ್ಕೆ?' ಎಂದು ಕೇಳಿ ಹೊಡೆದುಹಾಕುತ್ತಾ ಬಂದೆ, ಹನ್ನೊಂದು ಉಳಿದವು. ಶಾಲೆಯಲ್ಲಿ ಒಂದು ಪೆಟ್ಟಿಗೆ ಮಾಡಿ ಕಂಬಳಿ, ತಟ್ಟೆ, ಲೋಟಗಳನ್ನು ಕೂಡಿಸಿಟ್ಟೆವು. ಯಾರು ತೆಗೆದುಕೊಂಡರೆಂದು ಬರೆದಿಡುತ್ತಿರಲಿಲ್ಲ. ಎಲ್ಲವೂ ಹಿಂದಕ್ಕೆ ಬರುತ್ತಿದ್ದವು. ಆದರೆ ಆ ಹುಡುಗ ಅಷ್ಟರಲ್ಲಿ ಶಾಲೆ ಮುಗಿಸಿ ಹೋಗಿದ್ದ. ಅವನ ಕ್ಷಮೆ ಕೇಳುವ ಅವಕಾಶ ನನಗೆ ಒದಗಲಿಲ್ಲ.

ತಾಯಿಯ ಕೈಯಲ್ಲಿ ತುಂಬಿದ ಚೀಲದಲ್ಲಿ ಪ್ರೀತಿಯಿರುತ್ತದೆ. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಪ್ರೀತಿಗೂ ಒಂದು ಅಳತೆ ಬೇಕು. ಹದಿಮೂರು ಹದಿನಾಲ್ಕರ ಮಗು ತನ್ನ ಹತ್ತು ದಿನಗಳನ್ನು ತಾನೇ ಕಲ್ಪಿಸಿಕೊಂಡು, ಯಾವುದು ಬೇಕು, ಯಾವುದು ಬೇಡ ಎಂದು ನಿರ್ಧರಿಸುವ ಆ ಅರ್ಧ ಗಂಟೆಯೇ ಶಿಬಿರದ ಮೊದಲ ತರಗತಿ. ಅದನ್ನು ತಾಯಿತಂದೆ ಕಸಿದುಕೊಳ್ಳಬಾರದು. ಹಾಗೆಯೇ, ಪಟ್ಟಿ ಬರೆಯುವ ಶಿಕ್ಷಕ ಬಡಮನೆಯ ಮಗುವಿನ ಮುಂದೆ ಬಾಗಿಲು ಮುಚ್ಚಬಾರದು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ಈ ಎರಡನೆಯ ಮಾತು ವಿಶೇಷವಾಗಿ ನಿಮಗೆ.

ಇನ್ನು ಮೊಮ್ಮಗನ ವಿಚಾರ. ನಾನು ಹೇಳಿದ್ದಕ್ಕೆ ಚೀಲವನ್ನೆಲ್ಲ ಮಂಚದ ಮೇಲೆ ಸುರಿದು, ತಾನೇ ಮತ್ತೆ ಕಟ್ಟಿದ. ಮೂರು ಅಂಗಿ, ಒಂದು ದಿಂಬು ಹೊರಗುಳಿದವು. ಟಾರ್ಚು ಮೇಲಿನ ಜೇಬಿಗೆ ಬಂತು. ಅವನು ಹೋದ ಮೇಲೆ ನೋಡಿದರೆ ಸೋಪಿನ ಡಬ್ಬಿ ಮೇಜಿನ ಮೇಲೆಯೇ ಇತ್ತು. ಮಗಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಇರಲಿ ಬಿಡಮ್ಮ, ಪಕ್ಕದವನನ್ನು ಕೇಳಿ ಪಡೆಯುವುದನ್ನೂ ಕಲಿಯಲಿ" ಎಂದೆ. ಅವಳಿಗೆ ಇನ್ನೂ ಸಮಾಧಾನವಾಗಿಲ್ಲ.