ನಿಮಿಷ ಯಾರಿಗೆ ಬೇಕು, ದಿನ ಹೇಳಿ (ಭಾಗ 3)

ರೇಡಿಯೇಶನ್ ಮೆಷಿನ್‌ಗಳ ಜಾಹೀರಾತು ನೋಡಿದೀರಾ? "ಕೆಲವೇ ನಿಮಿಷದಲ್ಲಿ ಚಿಕಿತ್ಸೆ" ಅಂತಾರೆ. ಸುಳ್ಳಲ್ಲ. ಹೊಸ ಲಿನಾಕ್‌ನಲ್ಲಿ ಮಲಗಿ, ಜಾಗ ಸರಿನೋಡಿಸ್ಕೊಂಡು ಏಳೋಕೆ ಸುಮಾರು 15 ನಿಮಿಷ. ರೋಬಾಟ್ ಕೈಯ ಸೈಬರ್‌ನೈಫ್‌ಗೆ ಒಂದು ಗಂಟೆನೂ ಹಿಡಿಯುತ್ತೆ. ಹಾಗಾದ್ರೆ ಲಿನಾಕೇ ಫಾಸ್ಟಾ?

ಬಿಕಾಂ ಲೆಕ್ಕ ಹಾಕೋಣ ಬನ್ನಿ. ಮಾರಿಕುಪ್ಪಂನಿಂದ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಟ್ರೈನು, ಅಲ್ಲಿಂದ ಹೊಸೂರು ರಸ್ತೆಯ ಕಿದ್ವಾಯಿಗೆ ಬಸ್ಸು. ಹೋಗಿ ಬರೋಕೆ 6 ಗಂಟೆ ಅಂತ ಇಟ್ಕೊಳ್ಳಿ.

▪ ಲಿನಾಕ್, 25 ಸಿಟ್ಟಿಂಗ್: ಮೆಷಿನ್ ಮೇಲೆ 6 ಗಂಟೆ ಚಿಲ್ರೆ, ದಾರೀಲಿ 150 ಗಂಟೆ.
▪ ಸೈಬರ್‌ನೈಫ್, 5 ಸಿಟ್ಟಿಂಗ್: ಮೆಷಿನ್ ಮೇಲೆ 5 ಗಂಟೆ, ದಾರೀಲಿ 30 ಗಂಟೆ.

ನಿಧಾನದ ಮೆಷಿನ್ನೇ ಬೇಗ ಮುಗಿಸ್ತು!

ಎಲ್ಲ ಗೆಡ್ಡೆಗೂ 5 ಸಾಲಲ್ಲ, ಅದನ್ನ ಡಾಕ್ಟರೇ ಹೇಳ್ಬೇಕು. ಆದ್ರೆ ದಿನ ಕಮ್ಮಿ ಮಾಡೋಕೆ ದುಬಾರಿ ರೋಬಾಟೇ ಬೇಕು ಅಂತಿಲ್ಲ. ಆರಂಭದ ಹಂತದ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆದ್ಮೇಲೆ 3 ವಾರದ 15 ಸಿಟ್ಟಿಂಗ್ ಬದಲು 1 ವಾರದ 5 ಸಾಕು ಅಂತ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನ 2020ರಲ್ಲೇ ತೋರಿಸಿದೆ. ಅದೂ ಲಿನಾಕ್‌ನಲ್ಲೇ.

2001ರಲ್ಲಿ ಗಣಿ ಮುಚ್ಚಿದ್ಮೇಲೆ ಕೆಜಿಎಫ್‌ನವರು ಸಾವಿರಾರು ಜನ ದಿನಾ ಟ್ರೈನ್ ಹತ್ತಿ ಬೆಂಗಳೂರಲ್ಲಿ ದುಡೀತಾರೆ. ಕೂಲಿ ಮಾಡೋರಿಗೆ ಒಂದು ಸಿಟ್ಟಿಂಗ್ ಅಂದ್ರೆ ಒಂದು ದಿನದ ಕೂಲಿ ಖೋತಾ. ಜೊತೇಲಿ ಬರೋರದ್ದೂ ಸೇರಿದ್ರೆ ಎರಡು. ಈ ಖರ್ಚು ಯಾವ ಬಿಲ್ಲಲ್ಲೂ ಕಾಣಲ್ಲ.

ಆಸ್ಪತ್ರೆಗಳೇ, ನಿಮಿಷ ಮಾರೋದು ಬಿಡಿ. ದೂರದೂರಿನವರಿಗೆ ಟ್ರೈನ್ ಟೈಮಿಗೆ ಹೊಂದೋ ಸ್ಲಾಟ್ ಕೊಡಿ. ಓದ್ತಿರೋ ನೀವೂ ಡಾಕ್ಟರ್ ಮುಂದೆ ಬಾಯಿಬಿಟ್ಟು ಕೇಳಿ: "ಎಷ್ಟು ದಿನ ಬರ್ಬೇಕು ಸಾರ್? ಕಮ್ಮಿ ಮಾಡೋಕಾಗುತ್ತಾ?"

#ಕೆಜಿಎಫ್ #ಬಂಗಾರಪೇಟೆ