ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ
ರೋಣ ಸೀಮೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ (1908–1972) ಕರ್ನಾಟಕ ಏಕೀಕರಣ ಚಳವಳಿಯ ಮುಂದಾಳುಗಳಲ್ಲೊಬ್ಬರು. ರೋಣ, ನರಗುಂದ, ಗಜೇಂದ್ರಗಡಗಳು ಆಗ ಧಾರವಾಡ ಜಿಲ್ಲೆಗೆ, ಜಿಲ್ಲೆಯು ಮುಂಬೈ ಆಡಳಿತಕ್ಕೆ ಸೇರಿದ್ದವು. 1947ರಲ್ಲಿ ಮುಂಬೈ ಶಾಸನಸಭೆಯಲ್ಲೇ ಅವರು ಏಕೀಕರಣದ ನಿರ್ಣಯ ಮಂಡಿಸಿದರು. ಕನ್ನಡಿಗರು ಅಲ್ಪಸಂಖ್ಯಾತರಾಗಿದ್ದ ಸಭೆಯಲ್ಲಿ ಅದು ಸಣ್ಣ ಮಾತಲ್ಲ. ಭಾಷಾವಾರು ಪ್ರಾಂತವನ್ನು ತಾತ್ವಿಕವಾಗಿ ಒಪ್ಪಿದ್ದ ಕಾಂಗ್ರೆಸ್ ಸ್ವಾತಂತ್ರ್ಯಾನಂತರ ಮೀನಮೇಷ ಎಣಿಸತೊಡಗಿತು. ಆಂಧ್ರ ರಾಜ್ಯ ರೂಪುಗೊಂಡ 1953ರಲ್ಲಿ, ಸ್ವತಃ ಕಾಂಗ್ರೆಸ್ಸಿಗರಾಗಿದ್ದ ದೊಡ್ಡಮೇಟಿ ಶಾಸಕತ್ವ ತೊರೆದು ಜಕ್ಕಲಿಯಲ್ಲಿ ಉಪವಾಸ ಕುಳಿತರು. ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರೂ ಅದೇ ವರ್ಷ ಉಪವಾಸ ಕೈಗೊಂಡಿದ್ದರು. ಒತ್ತಡಕ್ಕೆ ಮಣಿದ ಕೇಂದ್ರ ಅದೇ ಡಿಸೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಗಾಗಿ ಫಜಲ್ ಅಲಿ ಆಯೋಗ ನೇಮಿಸಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು, ಆದರೆ ಮೈಸೂರೆಂಬ ಹೆಸರಿನಲ್ಲಿ. ಮುಂದೆ ರೋಣದ ಶಾಸಕರಾಗಿ ದೊಡ್ಡಮೇಟಿ ಒತ್ತಾಯಿಸುತ್ತಿದ್ದ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ.