ಊರಿಗೆಲ್ಲ ಒಂದೇ ಒಲೆ

ಕಾಸರಗೋಡಿನ ತೋಟದ ಮನೆಗಳಲ್ಲಿ ಬಚ್ಚಲ ಹಂಡೆಯ ನೀರು ಕಾಯಿಸಲು ಯಾರೂ ಮರ ಕಡಿಯುವುದಿಲ್ಲ. ಒಣಗಿ ಬಿದ್ದ ಮಡಲು, ಕೊತ್ತಳಿಗೆ, ಅಡಕೆ ಸಿಪ್ಪೆಗಳೇ ಆ ಒಲೆಗೆ ಸಾಕಾಗುತ್ತವೆ. ತೋಟವಿರುವವರೆಗೆ ಒಲೆಗೆ ಬರವಿಲ್ಲ. ಒಂದು ಮನೆಗೆ ಸಲ್ಲುವ ಈ ಲೆಕ್ಕ ಒಂದು ಪಟ್ಟಣಕ್ಕೂ ಸಂದೀತೇ? ಸ್ವೀಡನ್ ದೇಶದ ವೆಕ್ಶೋ ಎಂಬ ಪಟ್ಟಣವು ನಾಲ್ಕು ದಶಕಗಳಿಗೂ ಮಿಕ್ಕಿ ಇದನ್ನು ಪರೀಕ್ಷಿಸುತ್ತ ಬಂದಿದೆ.

ವೆಕ್ಶೋ ಇರುವುದು ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತದಲ್ಲಿ. ಸುತ್ತಲೂ ಸರೋವರಗಳು ಮತ್ತು ಸೂಚಿಪರ್ಣಿ ಕಾಡು. ಸಸ್ಯ ಮತ್ತು ಪ್ರಾಣಿಗಳಿಗೆ ದ್ವಿನಾಮ ಪದ್ಧತಿಯನ್ನು ರೂಢಿಗೆ ತಂದ ಕಾರ್ಲ್ ಲಿನೇಯಸ್ ಬಾಲ್ಯದಲ್ಲಿ ಓದಿದ್ದು ಈ ಊರಿನ ಶಾಲೆಯಲ್ಲಿಯೇ. ಅಲ್ಲಿನ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು ಸುಖದ ಮಾತಲ್ಲ, ಜೀವ ಉಳಿಸಿಕೊಳ್ಳುವ ಮಾತು. ಆದರೆ ಮನೆಮನೆಗೂ ಒಲೆ ಹೂಡುವ ಬದಲು ಊರಿಗೊಂದು ದೊಡ್ಡ ಕುಲುಮೆಯನ್ನಿರಿಸಿ, ಅಲ್ಲಿ ಕಾಯಿಸಿದ ನೀರನ್ನು ನೆಲದಡಿಯ ಕೊಳವೆಗಳ ಮೂಲಕ ಕಟ್ಟಡಗಳಿಗೆ ಹರಿಸುವ ಪದ್ಧತಿ ಆ ದೇಶದಲ್ಲಿ ಬೆಳೆಯಿತು. ಶಾಖವನ್ನು ಒಪ್ಪಿಸಿ ತಣಿದ ನೀರು ಇನ್ನೊಂದು ಕೊಳವೆಯಲ್ಲಿ ಸ್ಥಾವರಕ್ಕೆ ಮರಳುತ್ತದೆ. ಸ್ವೀಡನ್ನಿನ ಕಟ್ಟಡಗಳಿಗೆ ಬೇಕಾದ ಶಾಖದಲ್ಲಿ ಸುಮಾರು ಅರ್ಧದಷ್ಟು ಇಂದು ಹೀಗೆಯೇ ದೊರೆಯುತ್ತದೆ.

ವೆಕ್ಶೋದ ಸಾಂಡ್ವಿಕ್ ಸ್ಥಾವರವೂ ಮೊದಲು ಉರಿದದ್ದು ತೈಲದಿಂದ. 1973ರ ತೈಲ ಬಿಕ್ಕಟ್ಟಿನಲ್ಲಿ ಕೆಲವೇ ತಿಂಗಳುಗಳೊಳಗೆ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಪರದೇಶದ ತೈಲವನ್ನು ನಂಬಿದರೆ ಚಳಿಗಾಲದಲ್ಲಿ ಊರೇ ಕಷ್ಟಕ್ಕೆ ಸಿಲುಕುತ್ತದೆಂಬುದು ಸ್ಪಷ್ಟವಾಯಿತು. ಊರಿನ ಸುತ್ತ ಮರ ಕಡಿದ ಮೇಲೆ ಕಾಡಿನಲ್ಲಿ ಉಳಿಯುವ ಕೊಂಬೆರೆಂಬೆಗಳಿದ್ದವು. ಮರದ ಮಿಲ್ಲುಗಳಲ್ಲಿ ತೊಗಟೆ ಮತ್ತು ಹೊಟ್ಟಿನ ರಾಶಿಯಿತ್ತು. 1980ರಲ್ಲಿ ಆ ಸ್ಥಾವರವನ್ನು ಮರದ ಚೂರು ಉರಿಸಲು ಮಾರ್ಪಡಿಸಲಾಯಿತು. ಊರಿನ ಸಾಮೂಹಿಕ ಶಾಖ ಪೂರೈಕೆಗೆ ಮರವನ್ನು ಬಳಸಿದ ಮೊದಲ ಸ್ವೀಡಿಷ್ ಪಟ್ಟಣವೆಂಬ ಹೆಸರು ವೆಕ್ಶೋಗೆ ಬಂತು.

ಈ ಮಾರ್ಪಾಡು ಸುಲಭದ ಕೆಲಸವಲ್ಲ. ಒಂದು ಲೀಟರ್ ತೈಲ ಕೊಡುವ ಶಾಖಕ್ಕೆ ಹತ್ತು ಲೀಟರಿಗಿಂತ ಹೆಚ್ಚು ಗಾತ್ರದ ಮರದ ಚೂರು ಬೇಕು. ಆದ್ದರಿಂದ ವಿಶಾಲವಾದ ಅಂಗಳ, ಸಾಲುಸಾಲು ಲಾರಿಗಳು, ದೊಡ್ಡ ಕುಲುಮೆ, ಹೊಗೆಯ ಧೂಳನ್ನು ಹಿಡಿಯುವ ಯಂತ್ರ ಇವೆಲ್ಲ ಅಗತ್ಯವಾಗುತ್ತವೆ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಆ ನೀರನ್ನು ಆವಿಯಾಗಿಸಲು ಶಾಖ ವ್ಯಯವಾಗುತ್ತದೆ. ಇಲ್ಲಿ ನೆರವಿಗೆ ಬರುವುದು ಮಕ್ಕಳು ಪಾಠದಲ್ಲಿ ಓದುವ ಗುಪ್ತೋಷ್ಣದ ತತ್ವ. ಹೊಗೆಯಲ್ಲಿರುವ ಆವಿಯನ್ನು ಊರಿನಿಂದ ಮರಳಿದ ತಣ್ಣೀರಿನ ಕೊಳವೆಗಳಿಗೆ ತಾಗಿಸಿ ಮತ್ತೆ ನೀರಾಗಿಸಿದರೆ, ಕಳೆದುಹೋಗಬೇಕಾಗಿದ್ದ ಶಾಖ ಕೈಗೆ ಬರುತ್ತದೆ. ಉಳಿದ ಬೂದಿಯಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ, ರಂಜಕಗಳಿರುವುದರಿಂದ ಅದನ್ನು ಕಾಡಿಗೆ ಹಿಂದಿರುಗಿಸುವ ಕ್ರಮವೂ ಇದೆ.

1991ರಲ್ಲಿ ಸ್ವೀಡನ್ ಸರಕಾರ ಪಳೆಯುಳಿಕೆ ಇಂಧನಗಳ ಮೇಲೆ ಇಂಗಾಲದ ತೆರಿಗೆ ವಿಧಿಸಿದಾಗ ಮರದ ಪಕ್ಷ ಇನ್ನಷ್ಟು ಬಲಗೊಂಡಿತು. 1996ರಲ್ಲಿ ವೆಕ್ಶೋ ಪುರಸಭೆಯ ಎಲ್ಲ ಪಕ್ಷಗಳವರೂ ಒಮ್ಮತದಿಂದ, ತಮ್ಮ ಊರು ಪಳೆಯುಳಿಕೆ ಇಂಧನವನ್ನು ತ್ಯಜಿಸಬೇಕೆಂದು ನಿರ್ಣಯಿಸಿದರು. ಚುನಾವಣೆಗಳು ಬಂದುಹೋದರೂ ಆ ನಿರ್ಣಯ ಬದಲಾಗಲಿಲ್ಲ.

ಆದರೂ ಒಂದು ಪ್ರಶ್ನೆ ತೀರಿಲ್ಲ. ಮರ ಉರಿದಾಗಲೂ ಹೊರಬರುವುದು ಇಂಗಾಲದ ಡೈಆಕ್ಸೈಡೇ. ಮರ ಬೆಳೆಯುವಾಗ ಅದನ್ನು ಗಾಳಿಯಿಂದ ಹೀರಿದ್ದು ನಿಜ. ಹೊಸ ಮರ ಮತ್ತೆ ಹೀರುವುದೂ ನಿಜ. ಆದರೆ ಉರಿಯಲು ಒಂದು ಗಂಟೆ ಸಾಕು, ಆ ನಾಡಿನ ಮರ ಬೆಳೆಯಲು ಹಲವು ದಶಕಗಳು ಬೇಕು. ಹೇಗೂ ಕೊಳೆತುಹೋಗುವ ರೆಂಬೆಯನ್ನು ಉರಿಸುವುದು ಬೇರೆ, ಉರುವಲಿಗೆಂದೇ ನಿಂತ ಮರ ಕಡಿಯುವುದು ಬೇರೆ. 2018ರಲ್ಲಿ ಸುಮಾರು 800 ವಿಜ್ಞಾನಿಗಳು ಯುರೋಪಿನ ಸಂಸತ್ತಿಗೆ ಪತ್ರ ಬರೆದು ಈ ಭೇದವನ್ನೇ ಎತ್ತಿ ಹೇಳಿದರು. ಕಾಡೂ ಶಾಶ್ವತ ನಿಧಿಯಲ್ಲ: 2005ರ ಜನವರಿಯಲ್ಲಿ ಬೀಸಿದ ಗುಡ್ರುನ್ ಬಿರುಗಾಳಿ ದಕ್ಷಿಣ ಸ್ವೀಡನ್ನಿನಲ್ಲಿ ಸುಮಾರು 7.5 ಕೋಟಿ ಘನ ಮೀಟರ್ ಮರವನ್ನು ಉರುಳಿಸಿತು.

ಆದುದರಿಂದ ಕುಲುಮೆ ಬದಲಾದ ಮಾತ್ರಕ್ಕೆ ಊರು ಗೆದ್ದಂತಾಗುವುದಿಲ್ಲ. ಕುಲುಮೆಗೆ ಬರುವ ಪ್ರತಿ ಲಾರಿಯ ಮರ ಎಲ್ಲಿಯದು, ಅದರ ಸ್ಥಾನದಲ್ಲಿ ಬೆಳೆಯುತ್ತಿರುವುದೇನು ಎಂದು ಕೇಳುವವರು ಊರಲ್ಲಿರಬೇಕು. ಬಚ್ಚಲೊಲೆಗೆ ಮಡಲು ಹೆಕ್ಕುವ ಕೈಗೆ ಈ ಲೆಕ್ಕ ತಿಳಿದಿದೆ: ತೋಟ ಬಿಟ್ಟುಕೊಟ್ಟಷ್ಟನ್ನೇ ಉರಿಸಬೇಕು, ತೋಟವನ್ನೇ ಉರಿಸಬಾರದು.